ಚಿತ್ರವೂ ಒಂದು ಸಾಕ್ಷ್ಯವೇ

ಆಳಂದ, ಅಫಜಲಪುರ, ಜೇವರ್ಗಿ- ಕಲಬುರಗಿ ಜಿಲ್ಲೆಯ ಈ ಯಾವ ಪಟ್ಟಣದ ಬಸ್ ನಿಲ್ದಾಣದೆದುರು ನಿಂತರೂ ಫ್ಲೆಕ್ಸ್ ಫಲಕಗಳು ಕಣ್ಣಿಗೆ ರಾಚುತ್ತವೆ. ಉರೂಸ್, ಜಾತ್ರೆ, ಹುಟ್ಟುಹಬ್ಬ, ಚುನಾವಣೆ- ಸಂದರ್ಭ ಯಾವುದಾದರೂ ಸರಿ, ಊರಿನ ಯುವಕನೊಬ್ಬ ದೊಡ್ಡ ನಾಯಕರ ಪಕ್ಕದಲ್ಲಿ ಕೈಜೋಡಿಸಿ ನಿಂತಿರುತ್ತಾನೆ. ಆತ ಆ ನಾಯಕರನ್ನು ಭೇಟಿಯಾಗಿರಬೇಕೆಂದೇನೂ ಇಲ್ಲ. ಅವರಿಬ್ಬರನ್ನು ಒಟ್ಟಿಗೆ ನಿಲ್ಲಿಸಿದ್ದು ಸ್ಟುಡಿಯೋದ ಕಂಪ್ಯೂಟರ್. ಈ ವಿದ್ಯೆಯನ್ನು ಕಲಿಯಲು ನಮ್ಮ ಹುಡುಗರು ಹಾತೊರೆಯುತ್ತಿದ್ದಾರೆ. ಕಲಿಯಲಿ. ಆದರೆ ಅದರ ಜೊತೆಗೇ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅದರ ಕುರಿತು ನಮ್ಮ ಮಿಂಬರ್‌ಗಳು ಬಹುತೇಕ ಮೌನವಾಗಿವೆ.

ವಿದ್ಯೆಯೇನೋ ನಿಗೂಢವಲ್ಲ. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್ ತಂತ್ರಾಂಶಕ್ಕೆ 1994ರಲ್ಲಿ ಲೇಯರ್, ಅಂದರೆ ಪದರಗಳ ಸೌಲಭ್ಯ ಸೇರಿತು. ಒಂದು ಚಿತ್ರದಿಂದ ವ್ಯಕ್ತಿಯನ್ನು ಅಂಚು ಹಿಡಿದು ಕತ್ತರಿಸುವುದು, ಇನ್ನೊಂದು ಚಿತ್ರದ ಮೇಲೆ ಪ್ರತ್ಯೇಕ ಪದರವಾಗಿ ಇಡುವುದು, ಅಳತೆ ಹೊಂದಿಸುವುದು, ಬೆಳಕು-ಬಣ್ಣಗಳನ್ನು ಸರಿದೂಗಿಸುವುದು, ಕೊನೆಗೆ ಕಾಲ ಬುಡದಲ್ಲಿ ನೆರಳು ಮೂಡಿಸುವುದು- ಇಷ್ಟೇ. ಕೈ ಪಳಗದಿದ್ದರೆ ಕೂದಲಿನ ಅಂಚು ಗುಟ್ಟು ಬಿಟ್ಟುಕೊಡುತ್ತದೆ. ಒಬ್ಬನ ನೆರಳು ಎಡಕ್ಕೆ ಬಿದ್ದರೆ ಇನ್ನೊಬ್ಬನದು ಬಲಕ್ಕೆ ಬೀಳುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯ ನೆರವಿನಿಂದ ಮೊಬೈಲ್‌ನಲ್ಲೇ ಕ್ಷಣಾರ್ಧದಲ್ಲಿ ಈ ಕೆಲಸ ಮುಗಿಯುತ್ತದೆ.

ಇದೆಲ್ಲವೂ ಪಾಪವೆಂದು ನಾನು ಹೇಳಲಾರೆ. ತಂದೆ ತೀರಿಹೋದ ಮೇಲೆ ನಡೆದ ನಿಕಾಹ್‌ನ ಚಿತ್ರದಲ್ಲಿ ಆ ತಂದೆಯನ್ನೂ ನಿಲ್ಲಿಸಿಕೊಡಿ ಎಂದು ಮಗಳೊಬ್ಬಳು ಕೇಳಿದರೆ ಅಲ್ಲಿ ಮೋಸಹೋಗುವವರು ಯಾರೂ ಇಲ್ಲ. ಆತ ಇಲ್ಲವೆಂಬುದು ಮನೆಮಂದಿಗೆಲ್ಲ ಗೊತ್ತಿದೆ. ಆದರೆ ಹಜ್‌ಗೆ ಹೋಗದವನು ಕಅಬಾದ ಮುಂದೆ ನಿಂತ ಚಿತ್ರ ಮಾಡಿಸಿ ಊರಿಗೆಲ್ಲ ಹಂಚಿದರೆ? ತನಗೆ ದೊರೆಯದ್ದನ್ನು ದೊರೆತಂತೆ ತೋರಿಸಿಕೊಳ್ಳುವವನನ್ನು ಪ್ರವಾದಿ(ಸ)ರವರು ಸುಳ್ಳಿನ ಎರಡು ವಸ್ತ್ರಗಳನ್ನು ತೊಟ್ಟವನಿಗೆ ಹೋಲಿಸಿದ್ದಾರೆ. ಎರಡೂ ಚಿತ್ರಗಳ ತಂತ್ರ ಒಂದೇ. ವ್ಯತ್ಯಾಸವಿರುವುದು ನೋಡುವವನನ್ನು ವಂಚಿಸುವ ಉದ್ದೇಶದಲ್ಲಿ.

ಮದ್ರಸದಲ್ಲಿ ನಾವು ಓದುವಾಗ ಛಾಯಾಚಿತ್ರ ಧರ್ಮಸಮ್ಮತವೇ ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತಿತ್ತು. ಕ್ಯಾಮರಾ ಕನ್ನಡಿಯಂತೆಯೋ ಕುಂಚದಂತೆಯೋ ಎಂದು ವಾದಿಸುತ್ತಿದ್ದೆವು. ಫೋಟೋ ಇಲ್ಲದೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲದೆ ಹಜ್ ಇಲ್ಲ ಎಂದಾದಾಗ ವ್ಯವಹಾರದಲ್ಲಿ ಆ ಚರ್ಚೆ ತಾನಾಗಿಯೇ ಮುಗಿಯಿತು. ಆದರೆ ಆ ಚಿತ್ರ ನಿಜ ಹೇಳುತ್ತಿದೆಯೇ ಎಂದು ನಾವು ಕೇಳಲೇ ಇಲ್ಲ. ಇಂದು ಚಿತ್ರವೆಂದರೆ ಸಾಕ್ಷ್ಯ. ಇಲ್ಲದವನನ್ನು ಅದರೊಳಗೆ ತಂದು ನಿಲ್ಲಿಸಿ ಜನರನ್ನು ನಂಬಿಸುವುದೆಂದರೆ ಸುಳ್ಳುಸಾಕ್ಷಿ ಹೇಳಿಸುವುದು. ಮಹಾಪಾಪಗಳನ್ನು ವಿವರಿಸುತ್ತಾ ಒರಗಿ ಕುಳಿತಿದ್ದ ಪ್ರವಾದಿ(ಸ)ರವರು ಸುಳ್ಳುಸಾಕ್ಷ್ಯದ ಪ್ರಸ್ತಾಪ ಬಂದಾಗ ಎದ್ದು ಕುಳಿತು ಅದನ್ನೇ ಮತ್ತೆ ಮತ್ತೆ ಹೇಳಿದರೆಂಬುದನ್ನು ನಾವು ಹದೀಸ್ ತರಗತಿಯಲ್ಲಿ ಓದಿದ್ದೇವೆ. ಫ್ಲೆಕ್ಸ್ ಅಂಗಡಿಯಲ್ಲಿ ಮಾತ್ರ ಮರೆತಿದ್ದೇವೆ.

ಈ ಸುಳ್ಳಿಗೆ ಅಧಿಕಾರಸ್ಥರೂ ಹೊರತಲ್ಲ. 2010ರಲ್ಲಿ ಈಜಿಪ್ಟಿನ ಅಲ್ ಅಹ್ರಾಂ ಪತ್ರಿಕೆಯು ಒಬಾಮರ ಹಿಂದೆ ನಡೆಯುತ್ತಿದ್ದ ಹುಸ್ನಿ ಮುಬಾರಕ್‌ರನ್ನು ಚಿತ್ರದಲ್ಲಿ ಎಲ್ಲರ ಮುಂದಕ್ಕೆ ತಂದು ನಿಲ್ಲಿಸಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನೆರೆಯ ವೈಮಾನಿಕ ಸಮೀಕ್ಷೆಯ ಚಿತ್ರದಲ್ಲಿ, ಪ್ರಧಾನಿ ಮೋದಿಯವರು ನೋಡುತ್ತಿದ್ದ ಕಿಟಕಿಗೆ ಬೇರೆ ದೃಶ್ಯವನ್ನು ಅಂಟಿಸಿ ಬಿಡುಗಡೆ ಮಾಡಿದ ಕೇಂದ್ರ ಸರಕಾರದ ವಾರ್ತಾ ಕಚೇರಿ, ಟೀಕೆಯ ಬಳಿಕ ಅದನ್ನು ತೆಗೆದುಹಾಕಬೇಕಾಯಿತು.

ಅವರತ್ತ ಬೆರಳು ತೋರಿಸಿ ನಾವು ಪಾರಾಗುವಂತಿಲ್ಲ. 2010ರ ಟಿಬೆಟ್ ಭೂಕಂಪದಲ್ಲಿ ಮಡಿದವರ ಶವಗಳ ನಡುವೆ ನಿಂತಿದ್ದ ಬೌದ್ಧ ಭಿಕ್ಷುಗಳ ಚಿತ್ರವನ್ನು 2012ರಲ್ಲಿ ಬರ್ಮಾದ ಮುಸ್ಲಿಮರ ಹತ್ಯಾಕಾಂಡವೆಂದು ಹಂಚಿದವರಲ್ಲಿ ನಮ್ಮವರೂ ಇದ್ದರು. ಅಲ್ಲಿ ರೋಹಿಂಗ್ಯಾಗಳ ಸಂಕಟ ನಿಜವಾಗಿತ್ತು, ಚಿತ್ರ ಸುಳ್ಳಾಗಿತ್ತು. ಅಂಥ ಚಿತ್ರಗಳು ಕೆರಳಿಸಿದ ಆಕ್ರೋಶದ ಬೆನ್ನಲ್ಲೇ ಆಗಸ್ಟ್ 11ರಂದು ಮುಂಬಯಿಯ ಆಝಾದ್ ಮೈದಾನದಲ್ಲಿ ಹಿಂಸಾಚಾರ ನಡೆದು ಇಬ್ಬರು ಸತ್ತರು. ಅದೇ ವಾರ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ನಿಜವಾದ ನೋವಿಗೆ ಸುಳ್ಳು ಸಾಕ್ಷಿಯನ್ನು ತಂದವನು ಆ ನೋವಿಗೇ ದ್ರೋಹ ಬಗೆಯುತ್ತಾನೆ. ಆರು ವರ್ಷಗಳ ಬಳಿಕ, 2018ರ ಜುಲೈಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ವದಂತಿಗೆ ಬಲಿಯಾದವನು ನಮ್ಮದೇ ಯುವಕ. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಮಕ್ಕಳ ಕಳ್ಳತನವೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿ, ಗುಂಪು ಆತನನ್ನು ಹೊಡೆದು ಕೊಂದಿತು.

ಇನ್ನು ನಮ್ಮ ಹೆಣ್ಣುಮಕ್ಕಳು. 2021ರ ಜುಲೈಯಲ್ಲೊಮ್ಮೆ, 2022ರ ಜನವರಿ 1ರಂದು ಇನ್ನೊಮ್ಮೆ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಆನ್‌ಲೈನ್‌ನಲ್ಲಿ ಹರಾಜಿಗಿಟ್ಟ ನೀಚ ಕೃತ್ಯ ನಡೆಯಿತು. ಇಂಥ ಸುದ್ದಿ ಬಂದೊಡನೆ ಅನೇಕ ಮನೆಗಳಲ್ಲಿ ಮಗಳ ಮೊಬೈಲ್ ಕಸಿದುಕೊಳ್ಳುತ್ತಾರೆ, ಕೆಲವೆಡೆ ಓದನ್ನೂ ಬಿಡಿಸುತ್ತಾರೆ. ಅಪರಾಧ ಯಾರದ್ದೋ, ಶಿಕ್ಷೆ ಇವಳಿಗೆ! ಶೀಲವತಿಯ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತಾರದವರಿಗೆ ಪವಿತ್ರ ಕುರ್‌ಆನ್ 80 ಛಡಿಯೇಟು ವಿಧಿಸುತ್ತದೆ. ಅವರ ಸಾಕ್ಷ್ಯವನ್ನು ಮತ್ತೆಂದೂ ಸ್ವೀಕರಿಸಬಾರದೆನ್ನುತ್ತದೆ. ಅಲ್ಲಿ ತಲೆತಗ್ಗಿಸಬೇಕಾದವನು ಆರೋಪ ಮಾಡಿದವನು. ತಿದ್ದಿದ ಚಿತ್ರವನ್ನು ನಂಬಿ ಮಗಳನ್ನು ಶಂಕಿಸುವ ತಂದೆ ಈ ಆದೇಶವನ್ನು ಮತ್ತೊಮ್ಮೆ ಓದಲಿ.

ಇಲ್ಲದವರನ್ನು ಸೇರಿಸುವುದು ಹೇಗೆ ಸುಳ್ಳೋ ಇರುವವರನ್ನು ಅಳಿಸುವುದೂ ಹಾಗೆಯೇ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರೇ ಅದರಲ್ಲಿರುವುದನ್ನು ಕಂಡು ವಿಚಾರಿಸಿದ್ದರಿಂದ ಮೋಸ ಬೆಳಕಿಗೆ ಬಂತೆಂದು ವರದಿಯಾಗಿದೆ. ಅಂದರೆ, ಒಬ್ಬರು ಕೇಳಿದರು. ಅಷ್ಟರಿಂದಲೇ ಸಾವಿರಾರು ಮಂದಿಯ ಹಕ್ಕು ಉಳಿಯಿತು.

ಕೇಳುವುದು ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು ಎಂದು ಮೂಲದವರೆಗೆ ವಿಚಾರಿಸುತ್ತಿದ್ದರು. ಆ ಸರಪಣಿಯೇ ಇಸ್ನಾದ್. ಅಂಥ ಪರಂಪರೆಯ ವಾರಸುದಾರರು ಇಂದು ತಲೆಬುಡವಿಲ್ಲದ ಚಿತ್ರವನ್ನು ಕಣ್ಣುಮುಚ್ಚಿ ಇನ್ನೂರು ಮಂದಿಗೆ ರವಾನಿಸುತ್ತಿದ್ದಾರೆ. ಸುದ್ದಿಯನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಹಾನಿ ಮಾಡಬೇಡಿರೆಂದು ಅಲ್ ಹುಜುರಾತ್ ಅಧ್ಯಾಯದ 6ನೇ ವಚನ ಎಚ್ಚರಿಸುತ್ತದೆ.

ಆದ್ದರಿಂದ ನಮ್ಮ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸೋಣ. ಮದ್ರಸದ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಕಲಿಸೋಣ. ನೆರಳು ಮೂಡಿಸಲು ಬಲ್ಲವನೇ ಸುಳ್ಳು ನೆರಳನ್ನು ಬೇಗ ಗುರುತಿಸಬಲ್ಲನು. ಆದರೆ ಮೊದಲ ದಿನವೇ ಎರಡು ನಿಯಮಗಳನ್ನು ಹೇಳಿಕೊಡೋಣ: ಯಾರ ಚಿತ್ರವನ್ನೂ ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು, ತಿದ್ದಿದ ಚಿತ್ರದ ಮೇಲೆ ತಿದ್ದಿದ್ದೆಂದು ಬರೆಯದೆ ಹಂಚಬಾರದು. ನಾಳೆ ಅಲ್ಲಾಹನ ಮುಂದೆ ನಮ್ಮ ಕೈಗಳೇ ಸಾಕ್ಷಿ ನುಡಿಯಲಿವೆ. ಅಂದು ಆ ಕೈಗಳು ಏನು ಹೇಳಬೇಕೆಂಬುದನ್ನು ನಾವು ಇಂದೇ ತೀರ್ಮಾನಿಸಬೇಕಾಗಿದೆ.