ಗಾಯಗೊಂಡು ಮರಳಿದವರು

ನಮ್ಮ ನಾಡಿನ ಊರುಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ಪಾಳುಬಿದ್ದ ಗುಡಿಯ ಅಂಗಳದಲ್ಲಿ ಇಂದಿಗೂ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ, ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಹೋರಾಡಿ ಮಡಿದವನನ್ನು ನಮ್ಮ ಪೂರ್ವಿಕರು ಎಂತಹ ಗೌರವದಿಂದ ನೆನೆದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ; ಅಷ್ಟಕ್ಕೇ ನಿಲ್ಲದೆ, ಸತ್ತವನ ಮನೆಯವರ ಜೀವನಾಧಾರಕ್ಕೆಂದು ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಟ್ಟ ಶಾಸನಗಳೂ ಉಂಟು. ಆದರೆ ಒಂದು ಕಾಲನ್ನು ರಣದಲ್ಲಿ ಬಿಟ್ಟು ಬಂದವನಿಗೆ, ಬೆನ್ನುಹುರಿಯಲ್ಲಿ ಗುಂಡನ್ನು ಹೊತ್ತು ಬಂದವನಿಗೆ, ಮೈಮೇಲೆ ಗಾಯದ ಗುರುತೊಂದೂ ಇಲ್ಲದೆ ಮನಸ್ಸು ಮಾತ್ರ ಜರ್ಜರಿತವಾಗಿ ಮನೆಗೆ ಮರಳಿದವನಿಗೆ ಯಾವ ಶಿಲ್ಪಿಯೂ ಕಲ್ಲು ಕಡೆದುದನ್ನು ನಾನು ಕಾಣೆ. ಬದುಕಿ ಉಳಿದವನಿಗೆ ಪ್ರತಿದಿನವೂ ಹಸಿವಾಗುತ್ತದೆ, ರಾತ್ರಿ ನಿದ್ರೆ ಹತ್ತುವುದಿಲ್ಲ, ತಿಂಗಳು ತಿರುಗಿದೊಡನೆ ಬಾಡಿಗೆ ಕೊಡಬೇಕಾಗುತ್ತದೆ; ಅಂಥವನ ಋಣವು ಒಂದು ಶಿಲೆಯಿಂದಾಗಲಿ ಒಂದು ಶಾಲಿನಿಂದಾಗಲಿ ತೀರತಕ್ಕದ್ದಲ್ಲ.

ನಿರಾಶ್ರಿತರೂ ಅಂಗವಿಕಲರೂ ಆದ ಮಾಜಿ ಸೈನಿಕರಿಗಾಗಿ ಸ್ವಯಂಪ್ರೇರಿತರಾಗಿ ದುಡಿಯುವ ಜನರು ಅನೇಕ ದೇಶಗಳಲ್ಲಿದ್ದಾರೆ, ನಮ್ಮಲ್ಲಿಯೂ ಇದ್ದಾರೆ. ಅವರ ಪ್ರಯತ್ನಗಳನ್ನು ಗಮನಿಸುತ್ತ ಬಂದಂತೆಲ್ಲ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯವೇನೆಂದರೆ, ಈ ಸೇವೆಯ ಶ್ರೇಷ್ಠಭಾಗವು ಧನಸಂಗ್ರಹದಲ್ಲಿಯೂ ಇಲ್ಲ, ಸನ್ಮಾನ ಸಮಾರಂಭದಲ್ಲಿಯೂ ಇಲ್ಲ. ಆ ಮನುಷ್ಯನಿಗೂ ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಸೌಲಭ್ಯಕ್ಕೂ ನಡುವೆ ಉಳಿದುಹೋಗಿರುವ ಹಾದಿಯನ್ನು ಅವನ ಜೊತೆಯಲ್ಲಿ ನಡೆಯುವುದರಲ್ಲಿದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವು ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ದೊರೆಯುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ಆ ದೇಶವು ಆದರದಿಂದ ಬರಮಾಡಿಕೊಳ್ಳಲಿಲ್ಲ. ಅವರ ಮನೋವ್ಯಥೆಯನ್ನು ಒಂದು ವ್ಯಾಧಿಯೆಂದು ಅಲ್ಲಿಯ ಮನೋವೈದ್ಯರ ಅಧಿಕೃತ ಗ್ರಂಥವು ಒಪ್ಪಿಕೊಂಡುದು 1980ರಲ್ಲಿ, ಎಂದರೆ ಯುದ್ಧವು ಮುಗಿದು ಐದು ವರ್ಷಗಳು ಕಳೆದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ಕುಡಿತಕ್ಕೆ ಬಿದ್ದು, ಸಂಸಾರ ಒಡೆದು, ಸೇತುವೆಯ ಕೆಳಗೂ ಉದ್ಯಾನಗಳ ಬೆಂಚುಗಳ ಮೇಲೂ ಮಲಗುವವರಾಗಿಬಿಟ್ಟಿದ್ದರು. 1988ರಲ್ಲಿ ಅದೇ ಯುದ್ಧದ ಮಾಜಿ ಸೈನಿಕರಾಗಿದ್ದ ರಾಬರ್ಟ್ ವ್ಯಾನ್ ಕ್ಯೂರೆನ್ ಮತ್ತು ಜಾನ್ ನಾಚಿಸನ್ ಎಂಬಿಬ್ಬರು, ಬೀದಿಯಲ್ಲಿದ್ದ ತಮ್ಮ ಒಡನಾಡಿಗಳಿಗಾಗಿ ಒಂದು ಪ್ರೌಢಶಾಲೆಯ ಆಟದ ಬಯಲಿನಲ್ಲಿ ಗುಡಾರಗಳನ್ನು ಹಾಕಿಸಿ ಮೂರು ದಿನಗಳ ಶಿಬಿರವೊಂದನ್ನು ಏರ್ಪಡಿಸಿದರು. ರಣರಂಗದಲ್ಲಿ ಬಹುಕಾಲ ಕಾದಾಡಿ ದಣಿದ ತುಕಡಿಯನ್ನು ಹಿಂದಕ್ಕೆ ಕರೆಸಿಕೊಂಡು, ಭಯವಿಲ್ಲದ ಸ್ಥಳದಲ್ಲಿ ಸ್ನಾನ, ಬಿಸಿಯೂಟ, ಒಗೆದ ಬಟ್ಟೆ, ನಿಶ್ಚಿಂತೆಯ ನಿದ್ರೆ ಇವುಗಳನ್ನು ಒದಗಿಸುವ ಸೈನಿಕಪದ್ಧತಿಯೇ ಇದಕ್ಕೆ ಮಾದರಿಯಾಗಿದ್ದುದರಿಂದ, ಆ ಪದ್ಧತಿಯ ಹೆಸರನ್ನೇ ಇಟ್ಟುಕೊಂಡು ಶಿಬಿರವನ್ನು ‘ಸ್ಟ್ಯಾಂಡ್ ಡೌನ್’ ಎಂದು ಕರೆದರು. ವೈದ್ಯರು, ದಂತವೈದ್ಯರು, ಕ್ಷೌರಿಕರು, ವಕೀಲರು, ಅಡಿಗೆಯವರು, ಸರ್ಕಾರದ ಮಾಜಿ ಸೈನಿಕ ಇಲಾಖೆಯ ನೌಕರರು ಎಲ್ಲರೂ ಒಂದೇ ಬಯಲಿಗೆ ಬಂದು ಕುಳಿತರು. ಕಚೇರಿಯಿಂದ ಕಚೇರಿಗೆ ಅಲೆಯಲು ಶಕ್ತಿಯಿಲ್ಲದವನ ಬಳಿಗೆ ಕಚೇರಿಗಳೇ ಎದ್ದುಬಂದವೆಂದರೆ ಅದರ ತಾತ್ಪರ್ಯವು ತಿಳಿದೀತು.

ಆ ಮೂರು ದಿನಗಳ ಅನ್ನವಸ್ತ್ರಗಳಿಗಿಂತ ನನಗೆ ಹೆಚ್ಚು ಮಹತ್ವದ್ದಾಗಿ ತೋರುವುದು ಕೊನೆಯಲ್ಲಿ ನಡೆದ ಒಂದು ವಿಚಾರಣೆ. ನಿಮಗೆ ಎಲ್ಲಕ್ಕಿಂತ ಮೊದಲು ಬೇಕಾದುದೇನು ಎಂದು ಶಿಬಿರಕ್ಕೆ ಬಂದವರನ್ನೇ ಕೇಳಲಾಗಿ, 500 ಮಂದಿಯಲ್ಲಿ 116 ಮಂದಿ ತಮ್ಮ ಮೇಲಿರುವ ನ್ಯಾಯಾಲಯದ ವಾರಂಟುಗಳನ್ನು ಪರಿಹರಿಸಿಕೊಡಿರೆಂದರು. ಹೊರಗಿನವರಾರೂ ಇದನ್ನು ಊಹಿಸುವಂತಿರಲಿಲ್ಲ. ಕಾಲುದಾರಿಯಲ್ಲಿ ಮಲಗಿದುದಕ್ಕೆ ಪೊಲೀಸರು ದಂಡದ ಚೀಟಿ ಕೊಡುತ್ತಾರೆ, ಕೊಡಲು ಹಣವಿಲ್ಲ, ಮನೆಯ ವಿಳಾಸವೇ ಇಲ್ಲದುದರಿಂದ ಸಮನ್ಸು ಅವನ ಕೈಸೇರುವುದಿಲ್ಲ, ಹಾಜರಾಗದ ತಪ್ಪಿಗೆ ವಾರಂಟು ಹೊರಡುತ್ತದೆ, ವಾರಂಟಿರುವವನಿಗೆ ವಾಹನಚಾಲನೆಯ ಪರವಾನಗಿ ಸಿಕ್ಕುವುದು ಕಷ್ಟ, ಉದ್ಯೋಗ ಕಷ್ಟ, ಬಾಡಿಗೆಗೆ ಕೋಣೆ ಕಷ್ಟ, ಕೋಣೆಯಿಲ್ಲದವನು ಮತ್ತೆ ಕಾಲುದಾರಿಯಲ್ಲಿಯೇ ಮಲಗಬೇಕು. ಮನೆಯಿಲ್ಲದಿರುವುದೇ ಅಪರಾಧವಾಗಿ, ಆ ಅಪರಾಧವೇ ಮನೆಯನ್ನು ದೊರಕಗೊಡದ ಈ ವಿಷವರ್ತುಲವನ್ನು ಕತ್ತರಿಸಲು ಸ್ಟೀವ್ ಬೈಂಡರ್ ಎಂಬ ಸರ್ಕಾರಿ ರಕ್ಷಣಾ ವಕೀಲರು ಮುಂದಾದರು. ಮರುವರ್ಷ, 1989ರಲ್ಲಿ, ನ್ಯಾಯಾಧೀಶರೂ ಅಭಿಯೋಜಕರೂ ರಕ್ಷಣಾ ವಕೀಲರೂ ಶಿಬಿರಕ್ಕೇ ಬಂದು ನ್ಯಾಯಾಲಯವನ್ನು ನಡೆಸಿದರು. ದಂಡಕ್ಕೂ ಸೆರೆವಾಸಕ್ಕೂ ಬದಲಾಗಿ, ಆ ಮನುಷ್ಯನು ಮದ್ಯವ್ಯಸನದ ಚಿಕಿತ್ಸೆಗೆ ಸೇರಿದ್ದಾನೆಯೆ, ಕಸುಬು ಕಲಿಯುತ್ತಿದ್ದಾನೆಯೆ, ಆರೋಗ್ಯದ ಆರೈಕೆಗೆ ಬರುತ್ತಿದ್ದಾನೆಯೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಮೊಕದ್ದಮೆಗಳನ್ನು ಮುಗಿಸಿದರು. ಈ ‘ನಿರಾಶ್ರಿತರ ನ್ಯಾಯಾಲಯ’ವು ಮುಂದೆ ವಾರ್ಷಿಕ ಶಿಬಿರದ ಮಿತಿಯನ್ನು ದಾಟಿ ಆಶ್ರಯಧಾಮಗಳಲ್ಲಿ ತಿಂಗಳಿಗೊಮ್ಮೆ ಸೇರತೊಡಗಿತು, ಬೇರೆ ನಗರಗಳೂ ಅದನ್ನು ಅನುಸರಿಸಿದುವು. ಉಪಕಾರ ಮಾಡಬಂದವರು, ಉಪಕಾರ ಯಾವುದೆಂಬುದನ್ನು ತಾವೇ ನಿರ್ಧರಿಸದೆ, ಪಡೆಯುವವನ ಬಾಯಿಂದ ಕೇಳಿ ತಿಳಿದುಕೊಂಡುದರ ಫಲವಿದು.

ಇನ್ನೊಂದು ಕಥೆ ಇಂಗ್ಲೆಂಡಿನದು. ಎರಡನೆಯ ಮಹಾಯುದ್ಧದಲ್ಲಿ ನೂರು ಬಾಂಬು ದಾಳಿಗಳಿಗೆ ಹೋಗಿಬಂದು ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ವೈಮಾನಿಕ ಲೆನಾರ್ಡ್ ಚೆಷರ್ ಅವರು, ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದುದನ್ನು ಬ್ರಿಟಿಷ್ ವೀಕ್ಷಕರಾಗಿ ಆಕಾಶದಿಂದ ಕಣ್ಣಾರೆ ಕಂಡವರು. ಯುದ್ಧಾನಂತರ ನೆಲೆ ತಪ್ಪಿದ ಯೋಧರಿಗಾಗಿ ಅವರು ಒಂದು ಸಹಜೀವನದ ವಸಾಹತನ್ನೇ ಕಟ್ಟಲು ಹೊರಟರು. ಉದ್ದೇಶವೇನೋ ಉದಾತ್ತವಾದುದು, ಆದರೆ ಸಾಲ ಬೆಳೆಯಿತು, ಜನ ಚದರಿದರು, ಹ್ಯಾಂಪ್‌ಷೈರಿನಲ್ಲಿದ್ದ ಲೆ ಕೋರ್ಟ್ ಎಂಬ ದೊಡ್ಡ ಮನೆಯೊಂದು ಬರಿದಾಗಿ ಉಳಿಯಿತು. ಅಂತಹ ಸಮಯದಲ್ಲಿ, 1948ರಲ್ಲಿ, ಹಿಂದೆ ವಾಯುಪಡೆಯಲ್ಲಿದ್ದ ಆರ್ಥರ್ ಡೈಕ್ಸ್ ಎಂಬಾತನು ಗುಣವಾಗದ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾನೆಂದೂ, ಆಸ್ಪತ್ರೆಯು ಮಾಡಬಹುದಾದುದೇನೂ ಉಳಿದಿಲ್ಲವೆಂದೂ, ಅವನಿಗೆ ಹೋಗಲು ಮನೆಯಿಲ್ಲವೆಂದೂ ಚೆಷರರಿಗೆ ತಿಳಿಯಿತು. ಅವನಿಗಾಗಿ ಬೇರೆ ತಾಣವನ್ನು ಅರಸಿ ಎಲ್ಲಿಯೂ ಕಾಣದೆ, ಅವರು ಅವನನ್ನು ಆ ಖಾಲಿ ಮನೆಗೇ ಕರೆತಂದರು. ಶುಶ್ರೂಷೆಯ ಪ್ರಾಥಮಿಕ ಪಾಠಗಳನ್ನು ಕಲಿತು, ಮಲಮೂತ್ರಗಳನ್ನು ತೆಗೆಯುವುದೇ ಮೊದಲಾದ ಸೇವೆಗಳನ್ನೆಲ್ಲ ತಮ್ಮ ಕೈಯಾರೆ ಮಾಡಿ, ಅವನು ಕೊನೆಯುಸಿರೆಳೆಯುವವರೆಗೆ ನೋಡಿಕೊಂಡರು. ಅಷ್ಟರಲ್ಲಿಯೇ ಮತ್ತೊಬ್ಬರು, ಮಗದೊಬ್ಬರು ಬಂದು ಸೇರಿದರು. ಬಹುಜನರ ಉದ್ಧಾರವನ್ನು ಸಂಕಲ್ಪಿಸಿದ ಯೋಜನೆಯು ಕುಸಿದ ಜಾಗದಲ್ಲಿಯೇ, ಒಬ್ಬ ಮರಣೋನ್ಮುಖನ ಪರಿಚರ್ಯೆಯಿಂದ ಆರಂಭವಾದ ಕಾರ್ಯವು ಬೇರುಬಿಟ್ಟು ಜಗತ್ತಿನ ಹಲವು ದೇಶಗಳಿಗೆ ಹರಡಿತು. ಅವರು ನಮ್ಮ ದೇಶಕ್ಕೂ ಬಂದರು. 1956ರಲ್ಲಿ ಮುಂಬಯಿಯಲ್ಲಿ ಮೊದಲ ಚೆಷರ್ ಗೃಹವು ತೆರೆಯಿತು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಓಡಾಡುವ ಅನೇಕರು ಅದೇ ಹೆಸರಿನ ಫಲಕವನ್ನು ನೋಡಿರಬಹುದು.

ನಮ್ಮ ದೇಶದ ಸ್ಥಿತಿಯು ಅಮೆರಿಕದಂತಲ್ಲ. ಅವಿಭಕ್ತ ಕುಟುಂಬದ ಸೂರು, ಹಳ್ಳಿಯ ನಂಟು, ಪಿಂಚಣಿ ಇವುಗಳಿಂದಾಗಿ ನಮ್ಮ ಮಾಜಿ ಸೈನಿಕನು ಬೀದಿಗೆ ಬೀಳುವುದು ವಿರಳ; ಆದರೆ ಅದೇ ಕಾರಣದಿಂದ ಅವನ ಕಷ್ಟವು ಹಿತ್ತಿಲ ಕಡೆಯ ಕೋಣೆಯೊಂದರಲ್ಲಿ, ಯಾರ ಕಣ್ಣಿಗೂ ಬೀಳದಂತೆ ಅಡಗಿಯೂ ಹೋಗುತ್ತದೆ. ಪುಣೆಯ ಖಡಕಿಯಲ್ಲಿ 1974ರಲ್ಲಿ ಸ್ಥಾಪಿತವಾದ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರ ಪುನರ್ವಸತಿ ಕೇಂದ್ರವೂ, 1978ರಲ್ಲಿ ಮೊಹಾಲಿಯಲ್ಲಿ ಆರಂಭವಾದುದೂ ಸೇನೆಯ ಆಶ್ರಯ ಮತ್ತು ನಾಗರಿಕರ ದಾನಗಳೆರಡನ್ನೂ ಕೂಡಿಸಿಕೊಂಡು ನಡೆಯುತ್ತ ಬಂದಿರುವ ಸಂಸ್ಥೆಗಳು. ಬೆನ್ನುಹುರಿ ಘಾಸಿಗೊಂಡವನನ್ನು ಕೊಲ್ಲುವುದು ಬಹುವೇಳೆ ಮೂಲದ ಗಾಯವಲ್ಲ. ಹೊರಳಿಸುವವರಿಲ್ಲದೆ ಆಗುವ ಹಾಸಿಗೆಹುಣ್ಣು ಮತ್ತು ಮೂತ್ರಕೋಶದ ಸೋಂಕು. ಹಗಲಿರುಳು ಕೆಲವು ಗಂಟೆಗಳಿಗೊಮ್ಮೆ ಅವನನ್ನು ಮಗ್ಗುಲು ತಿರುಗಿಸುವ ಕೈಗಳು ಬೇಕು; ಮನೆಯಲ್ಲಿ ಆ ಕೈಗಳು ಸಾಮಾನ್ಯವಾಗಿ ಹೆಂಡತಿಯವು ಅಥವಾ ಮುದಿ ತಾಯಿಯವು. ವಾರಕ್ಕೆ ಎರಡು ಮಧ್ಯಾಹ್ನ ಆ ಹೆಂಗಸಿಗೆ ಬಿಡುವು ಮಾಡಿಕೊಡುವ ನೆರೆಯವರಿದ್ದರೆ ಅದು ದೇಶಸೇವೆಯೆಂದೇ ನನ್ನ ಎಣಿಕೆ.

ಸಕಾಲದಲ್ಲಿ ಒದಗಿದ ಒಂದು ಸಹಾಯವು ಏನು ಮಾಡಬಲ್ಲದೆಂಬುದಕ್ಕೆ ಮುರಳೀಕಾಂತ ಪೇಟ್ಕರ್ ಅವರ ಜೀವನವೇ ಸಾಕ್ಷಿ. ಸಾಂಗಲಿ ಜಿಲ್ಲೆಯ ಈ ಸೈನಿಕರು 1965ರ ಯುದ್ಧದಲ್ಲಿ ಗುಂಡುಗಳಿಂದ ಜರ್ಜರಿತರಾಗಿ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಚಿಕಿತ್ಸೆಯ ಅಂಗವಾಗಿ ಆರಂಭಿಸಿದ ಈಜು ಅವರನ್ನು 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸಿಗೆ ಒಯ್ದು, ಭಾರತಕ್ಕೆ ಆ ಕ್ರೀಡಾಕೂಟದ ಮೊದಲ ಚಿನ್ನವನ್ನು ತಂದಿತು. ಅವರ ಪ್ರಯಾಣದ ವೆಚ್ಚಕ್ಕೆ ನೆರವಾದುದು ಕ್ರಿಕೆಟ್ ಆಟಗಾರ ವಿಜಯ್ ಮರ್ಚೆಂಟ್ ಅವರು ನಡೆಸುತ್ತಿದ್ದ ಸೇವಾಸಂಸ್ಥೆ. ರಾಷ್ಟ್ರವು ಪೇಟ್ಕರ್ ಅವರಿಗೆ ಪದ್ಮಶ್ರೀ ಕೊಟ್ಟುದು 2018ರಲ್ಲಿ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ದೇಶಕ್ಕಾಗಿ ಅಂಗವನ್ನು ಕೊಟ್ಟವನನ್ನು ಪೋಷಿಸುವುದು ರಾಜ್ಯದ ಧರ್ಮವಲ್ಲವೆ, ಅದನ್ನು ಸಾರ್ವಜನಿಕರ ದಯೆಗೆ ಬಿಡುವುದು ಅವನಿಗೆ ಅವಮಾನವಲ್ಲವೆ ಎಂದು ಕೇಳುವವರ ಮಾತು ನನಗೆ ಪೂರ್ಣವಾಗಿ ಒಪ್ಪಿಗೆ. ಅಮೆರಿಕದಲ್ಲಿಯೂ ಗುಡಾರಗಳಿಂದಲೇ ಮನೆಯಿಲ್ಲದ ಯೋಧರ ಸಂಖ್ಯೆಯು ಇಳಿಯಲಿಲ್ಲ. ಬಾಡಿಗೆಯ ಬಹುಭಾಗವನ್ನು ಸರ್ಕಾರವೇ ಕೊಟ್ಟು, ಜೊತೆಗೆ ಯೋಗಕ್ಷೇಮ ವಿಚಾರಿಸುವ ಕಾರ್ಯಕರ್ತನೊಬ್ಬನನ್ನು ನೇಮಿಸುವ ಯೋಜನೆಯು 2008ರಿಂದ ವಿಸ್ತಾರಗೊಂಡ ಮೇಲೆ, 2010ರಲ್ಲಿ 70,000ಕ್ಕೂ ಮೀರಿದ್ದ ಸಂಖ್ಯೆಯು 2024ರ ವೇಳೆಗೆ ಸುಮಾರು 33,000ಕ್ಕೆ ಇಳಿಯಿತು. ಕುಡಿತವನ್ನು ಬಿಟ್ಟು ಬಾ, ಆಮೇಲೆ ಮನೆ ಕೊಡುತ್ತೇವೆ ಎಂಬ ಹಳೆಯ ನಿಬಂಧನೆಯನ್ನು ತೆಗೆದು, ಮೊದಲು ಮನೆ, ಆಮೇಲೆ ಚಿಕಿತ್ಸೆ ಎಂದುದೂ ಇದಕ್ಕೆ ಮುಖ್ಯ ಕಾರಣ. ಆದರೆ ಸರ್ಕಾರದ ಈ ನೆರವು ಯಾರಿಗೆ ಸಲ್ಲಬೇಕೋ ಅವನು ಯಾವ ಸೇತುವೆಯ ಕೆಳಗಿದ್ದಾನೆಂಬುದು ಸ್ವಯಂಸೇವಕನಿಗೆ ಗೊತ್ತು. ಆ ಮನುಷ್ಯನು ಓಗೊಡುವುದೂ ಪರಿಚಿತ ಧ್ವನಿಗೆ. ಸ್ವಯಂಸೇವೆಯು ರಾಜ್ಯದ ಕರ್ತವ್ಯಕ್ಕೆ ಬದಲಿಯಾಗಕೂಡದು, ರಾಜ್ಯದ ಆಲಸ್ಯಕ್ಕೆ ನೆಪವಂತೂ ಆಗಲೇಕೂಡದು.

ನಮ್ಮ ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಈ ಕಾರ್ಯಕ್ಕೆ ಇಲ್ಲಿ ಪರಂಪರೆಯೂ ಇದೆ, ಚೌಕಟ್ಟೂ ಇದೆ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ನಿವೃತ್ತಿಯ ನಂತರ, 1964ರಲ್ಲಿ, ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಸ್ಥಾಪಿಸಿದರು. ಕಾಶ್ಮೀರದಲ್ಲಿ 2007ರಲ್ಲಿ ವೀರಮರಣವನ್ನಪ್ಪಿ ಅಶೋಕಚಕ್ರ ಪಡೆದ ಕರ್ನಲ್ ವಸಂತ್ ಅವರ ಪತ್ನಿ ಸುಭಾಷಿಣಿ ವಸಂತ್ ಅವರು, ತಮ್ಮ ದುಃಖವನ್ನೇ ದಾರಿಯಾಗಿಸಿಕೊಂಡು, ಮಡಿದ ಯೋಧರ ಪತ್ನಿಯರಿಗೂ ಮಕ್ಕಳಿಗೂ ನೆರವಾಗುವ ಪ್ರತಿಷ್ಠಾನವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೂ ಇದೆ. ಕೊರತೆಯಿರುವುದು ಆ ಕಚೇರಿಯ ಮೆಟ್ಟಿಲಿಗೂ ಹಳ್ಳಿಯ ಮನೆಯ ಹೊಸ್ತಿಲಿಗೂ ನಡುವೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರವನ್ನು ಒಪ್ಪಿಸಬೇಕು; ಪಿಂಚಣಿಯ ವ್ಯವಹಾರವೆಲ್ಲ ‘ಸ್ಪರ್ಶ್’ ಎಂಬ ಗಣಕವ್ಯವಸ್ಥೆಗೆ ಸೇರಿದೆ; ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಸರೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆಯಾಗಿದ್ದರೆ ಅದನ್ನು ಸರಿಪಡಿಸುವಷ್ಟರಲ್ಲಿ ಮುದುಕನು ಸೋತುಹೋಗುತ್ತಾನೆ. ಅಂಗವೈಕಲ್ಯದ ಪಿಂಚಣಿ ದೊರೆಯಬೇಕಾದರೆ ಆ ನ್ಯೂನತೆಯು ಸೇವೆಯಿಂದಲೇ ಉಂಟಾದುದು ಅಥವಾ ಸೇವೆಯಿಂದ ಉಲ್ಬಣಿಸಿದುದು ಎಂದು ವೈದ್ಯಕೀಯ ಮಂಡಲಿಯು ಒಪ್ಪಬೇಕು. ಒಪ್ಪದಿದ್ದರೆ ಮೇಲ್ಮನವಿ, ಆಮೇಲೆ ನ್ಯಾಯಾಧಿಕರಣ. ಎಡಗೈಯಿಲ್ಲದ ಸಿಪಾಯಿಯೊಬ್ಬನು ಇಂಗ್ಲಿಷಿನ ಈ ಪತ್ರವ್ಯವಹಾರವನ್ನು ಒಬ್ಬನೇ ನಡೆಸಬೇಕೆನ್ನುವುದು ಕ್ರೌರ್ಯ. 2025ರ ಜುಲೈಯಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ಸೈನಿಕರಿಗೂ ಅವರ ಕುಟುಂಬಗಳಿಗೂ ಉಚಿತ ಕಾನೂನು ನೆರವನ್ನು ನೀಡುವ ಯೋಜನೆಯೊಂದನ್ನು ಆರಂಭಿಸಿದೆ. ನಮ್ಮ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಅದಕ್ಕೆ ಕೈಜೋಡಿಸಿ, ಬೆಳಗಾವಿಯಲ್ಲಿ, ಮಡಿಕೇರಿಯಲ್ಲಿ, ವಿಜಯಪುರದಲ್ಲಿ ಇಂತಹ ಕಡತಗಳನ್ನು ಮನೆಬಾಗಿಲಿಗೆ ಹೋಗಿ ಸಿದ್ಧಪಡಿಸಿಕೊಟ್ಟರೆ, ಸ್ಯಾನ್ ಡಿಯೇಗೊದ ವಕೀಲರು ಮಾಡಿದುದನ್ನೇ ಅವರೂ ಮಾಡಿದಂತಾಗುತ್ತದೆ.

ಈ ಅಗತ್ಯವು ಮುಂದೆ ಹೆಚ್ಚತಕ್ಕದ್ದೇ ಹೊರತು ಕುಗ್ಗತಕ್ಕದ್ದಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ತರುಣರು ನಾಲ್ಕು ವರ್ಷಗಳ ಸೇವೆ ಮುಗಿಸಿದಾಗ ಅವರಲ್ಲಿ ಹೆಚ್ಚೆಂದರೆ ಶೇಕಡಾ 25ರಷ್ಟು ಜನ ಮಾತ್ರ ಸೇನೆಯಲ್ಲಿ ಉಳಿಯುವರು. ಹೊರಬಂದವರಿಗೆ ಇಡಿಗಂಟಿನ ಹಣವುಂಟು, ಪಿಂಚಣಿಯಿಲ್ಲ. ಅವರಲ್ಲಿ ಯಾವನಾದರೊಬ್ಬನು ಇಪ್ಪತ್ತೈದರ ಹರೆಯದಲ್ಲಿ ರಾತ್ರಿಯ ನಿದ್ರೆಯನ್ನು ಕಳೆದುಕೊಂಡು ಹಳ್ಳಿಗೆ ಬಂದರೆ, ಅವನನ್ನು ಮೊದಲು ಗುರುತಿಸಬೇಕಾದವರು ಅದೇ ಹಳ್ಳಿಯ ಮಾಜಿ ಸೈನಿಕರು. ತಾಲ್ಲೂಕು ಸಂಘಗಳು ವಾರ್ಷಿಕೋತ್ಸವದ ಜೊತೆಗೆ ಈ ಹೊಣೆಯನ್ನೂ ಈಗಿನಿಂದಲೇ ಹೊರಬೇಕು.

1949ರಿಂದ ಪ್ರತಿವರ್ಷವೂ ಡಿಸೆಂಬರ್ 7ರಂದು ನಾವು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸುತ್ತೇವೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ಕೊಂಡು ಎದೆಗೆ ಸಿಕ್ಕಿಸಿಕೊಳ್ಳುತ್ತೇವೆ. ಆ ನಿಧಿಯು ಅಗತ್ಯವಾದುದು. ಅದಕ್ಕೆ ಧಾರಾಳವಾಗಿ ಕೊಡೋಣ. ಕೊಡುವಾಗ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಮ್ಮೆ ಹೋಗಿ, ನಮ್ಮ ಹೋಬಳಿಯಲ್ಲಿ ಹಾಸಿಗೆ ಹಿಡಿದ ಮಾಜಿ ಸೈನಿಕರಾರಾದರೂ ಇದ್ದಾರೆಯೆ, ಯಾರ ಅರ್ಜಿಯಾದರೂ ನಿಂತುಹೋಗಿದೆಯೆ, ನಮ್ಮಿಂದ ಆಗಬಹುದಾದುದೇನು ಎಂದು ಕೇಳೋಣ. ಆ ಮನುಷ್ಯರು ಒಪ್ಪಿದರೆ ಅವರ ಮನೆಗೆ ಹೋಗೋಣ. ಜನವರಿಯಲ್ಲಿಯೂ, ಫೆಬ್ರವರಿಯಲ್ಲಿಯೂ ಹೋಗೋಣ. ಶಾಲು ಹಾರಗಳೂ ಛಾಯಾಚಿತ್ರಗ್ರಾಹಕರೂ ಜೊತೆಯಲ್ಲಿ ಬರುವುದು ಬೇಡ.