ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿನ ಗಾಡಿಯೇ ರಸ್ತೆಗೆ ರಾಜನಾಗಿದ್ದ ಕಾಲದಲ್ಲಿ ಗಾಡಿ ಹೊಡೆಯುವವನ ಕಿವಿ ಬಲು ಚುರುಕಾಗಿರುತ್ತಿತ್ತು. ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಬೇಕೆಂದೂ, ಗಾಲಿ ಲೊಡಗುಟ್ಟಿದರೆ ಕಡಾಣಿ ಸಡಿಲವಾಗಿದೆಯೆಂದೂ ಆತನು ಕೆಳಗಿಳಿದು ನೋಡುವ ಮೊದಲೇ ಅರಿತುಕೊಳ್ಳುತ್ತಿದ್ದನು. ಇಂದು ಗಾಡಿಯ ಸ್ಥಾನವನ್ನು ಮೋಟಾರು ವಾಹನ ಆಕ್ರಮಿಸಿದೆ. ಆದರೆ ಆ ಕಿವಿಯನ್ನು ಮಾತ್ರ ನಾವು ಗಾಡಿಯೊಂದಿಗೇ ಕಳೆದುಕೊಂಡೆವೇನೋ ಎಂಬ ಶಂಕೆ ನಮಗುಂಟಾಗಿದೆ. ಈ ಶಂಕೆಗೆ ಕಾರಣವಾದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ.

ನಮಗೆ ಪರಿಚಿತರಾದ ಭಟ್ಕಳದ ತರುಣರೊಬ್ಬರು ತಮ್ಮ ಚಿಕ್ಕ ಕಾರು ಓಟದ ಕಾರಿನಂತೆ ನೆಲಕ್ಕೆ ಹತ್ತಿರವಾಗಿ ಕಾಣಬೇಕೆಂದು ಬಯಸಿ, ಅದರ ಸುರುಳಿ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡವಾದವುಗಳನ್ನು ಹಾಕಿಸಿದರು. ಕಾರು 4 ಸೆಂಟಿಮೀಟರಿನಷ್ಟು ತಗ್ಗಿತು. ವಾರ ಕಳೆಯುವುದರೊಳಗೆ ಹಿಂಭಾಗದಿಂದ ‘ಟಣ್’ ಎಂಬ ಸದ್ದು ಕೇಳತೊಡಗಿತು. 66ನೆಯ ರಾಷ್ಟ್ರೀಯ ಹೆದ್ದಾರಿಯ ನಯವಾದ ಭಾಗದಲ್ಲಿ ಸದ್ದಿಲ್ಲ; ಹೊನ್ನಾವರದಲ್ಲಾಗಲಿ ಕುಮಟೆಯಲ್ಲಾಗಲಿ ಊರೊಳಗಿನ ರಸ್ತೆಯುಬ್ಬನ್ನು ದಾಟಿದೊಡನೆ ‘ಟಣ್’! ದುರಸ್ತಿಗಾರರು ಮೊದಲು ಹಿಂದಿನ ಎರಡು ಷಾಕ್ ಅಬ್ಸಾರ್ಬರುಗಳನ್ನು ಬದಲಿಸಿದರು, ಸದ್ದು ನಿಲ್ಲಲಿಲ್ಲ. ಬಳಿಕ ರಬ್ಬರಿನ ಬುಷ್‌ಗಳನ್ನು ಬದಲಿಸಿದರು, ಆಗಲೂ ನಿಲ್ಲಲಿಲ್ಲ. ಕಡೆಗೆ, ರೇಡಿಯೊದ ದನಿಯನ್ನು ತುಸು ಏರಿಸಿಕೊಳ್ಳಿರೆಂಬ ಉಪದೇಶವೂ ದೊರೆಯಿತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಇಂಥ ಸಂದರ್ಭದಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಯಾವುದು? ‘ಯಾವ ಭಾಗವನ್ನು ಬದಲಿಸೋಣ?’ ಎಂಬುದಲ್ಲ, ‘ಸದ್ದಿಲ್ಲದಿದ್ದಾಗಿನಿಂದ ಈವರೆಗೆ ಬದಲಾದದ್ದು ಏನು?’ ಎಂಬುದು. ಇಲ್ಲಿ ಬದಲಾದದ್ದು ಕಾರಿನ ಎತ್ತರ. ಆದ್ದರಿಂದ ಎತ್ತರ ತಗ್ಗಿದುದರ ಪರಿಣಾಮಗಳನ್ನು ಮೊದಲು ವಿಚಾರಿಸಬೇಕು.

ಸ್ಪ್ರಿಂಗು ಎಷ್ಟು ಕುಗ್ಗುವುದೋ ಅದಕ್ಕೆ ತಕ್ಕ ಪ್ರಮಾಣದಲ್ಲಿಯೇ ಪ್ರತಿಬಲವನ್ನು ಒಡ್ಡುವುದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ನಮ್ಮ ವಿದ್ಯಾರ್ಥಿಗಳೆಲ್ಲರೂ ಅದನ್ನು ಕಂಠಪಾಠ ಮಾಡಿರುತ್ತಾರೆ. ಈಗ ಅದನ್ನು ಕಾರಿಗೆ ಅನ್ವಯಿಸಿ ನೋಡೋಣ. ನಿಂತ ಸ್ಥಿತಿಯಿಂದ ಚಕ್ರವು ಮೇಲಕ್ಕೆ ಸರಿಯಲು 8 ಸೆಂಟಿಮೀಟರು ಅವಕಾಶವಿದ್ದಿತೆಂದು ಭಾವಿಸಿರಿ. ಕಾರು 4 ಸೆಂಟಿಮೀಟರು ತಗ್ಗಿದರೆ ಉಳಿಯುವುದು ಅರ್ಧ ಮಾತ್ರ. ಸ್ಪ್ರಿಂಗು ನುಂಗುವ ಶಕ್ತಿಯು ಅದು ಕುಗ್ಗಿದ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಹಿಂದಿನಷ್ಟೇ ಹೊಡೆತವನ್ನು ಅರ್ಧ ದೂರದಲ್ಲಿ ನುಂಗಬೇಕಾದರೆ ಸ್ಪ್ರಿಂಗು ನಾಲ್ಕು ಪಟ್ಟು ಗಡುಸಾಗಿರಬೇಕು. ಕೆಲವರು ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಗಿಡ್ಡವಾಗಿಸುವುದುಂಟು. ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ 1.2 ಪಟ್ಟಾಗುತ್ತದೆ, ಅಷ್ಟೆ. ಉಳಿದ ಹೊಡೆತವನ್ನು ತಾಳುವವರಾರು? ಬಂಪ್ ಸ್ಟಾಪ್ ಎಂಬ ರಬ್ಬರಿನ ಗಟ್ಟೆ; ಅದೂ ಸೋತರೆ ಕಾರಿನ ಒಡಲು.

ಮೇಲಕ್ಕೆ ಸರಿಯುವಾಗಿನ ಕಥೆ ಇದಾದರೆ, ಕೆಳಕ್ಕೆ ಇಳಿಯುವಾಗಿನದು ಬೇರೆ. ಹಿಂದಿನ ಚಕ್ರ ಕೆಳಕ್ಕೆ ಎಷ್ಟು ಜೋಲಬಹುದೆಂಬುದನ್ನು ಅನೇಕ ಕಾರುಗಳಲ್ಲಿ ನಿರ್ಣಯಿಸುವುದು ಷಾಕ್ ಅಬ್ಸಾರ್ಬರಿನ ಉದ್ದ. ಅದು ಹಿಂದಿನಷ್ಟೇ ಉದ್ದವಾಗಿದ್ದು ಸ್ಪ್ರಿಂಗು ಮಾತ್ರ ಗಿಡ್ಡವಾದರೆ, ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲಗೊಳ್ಳುತ್ತದೆ. ಮರುಗಳಿಗೆ ಕಾರಿನ ಭಾರ ಮೇಲೆ ಬಿದ್ದಾಗ ಲೋಹಕ್ಕೆ ಲೋಹ ತಾಗುತ್ತದೆ.

ಇಷ್ಟನ್ನು ಅರಿತವರಿಗೆ ಸದ್ದೇ ಸಾಕ್ಷಿಯಾಗಿ ಮಾತನಾಡತೊಡಗುತ್ತದೆ. ಹಿಂದಿನ ಆಸನದಲ್ಲಿ ಮೂವರು ಕುಳಿತಿದ್ದು, ಗುಂಡಿಗೆ ಇಳಿದಾಗ ‘ಧಡ್’ ಎಂಬ ಮಂದವಾದ ಸದ್ದಾದರೆ ರಬ್ಬರಿನ ಗಟ್ಟೆಯನ್ನು ಸಂಶಯಿಸಬೇಕು. ಉಬ್ಬನ್ನು ದಾಟಿ ಚಕ್ರ ಜೋತ ಮೇಲೆ ‘ಟಣ್’ ಎಂದರೆ ಸಡಿಲಾದ ಸ್ಪ್ರಿಂಗನ್ನು ನೋಡಬೇಕು. ನಿಧಾನವಾಗಿ ಹೋಗುವಾಗ ‘ಕಿರ್ರ್’ ಎಂದು ನರಳಿದರೆ ಅದು ಬುಷ್ ಇರಬಹುದು. ಚಕ್ರ ಜೋತಿರುವಾಗಲೇ ಅದರ ಬೋಲ್ಟನ್ನು ಬಿಗಿದಿದ್ದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಸಣ್ಣ ಜಲ್ಲಿಯ ಮೇಲೂ ‘ಕಟಕಟ’ ಎಂದರೆ ಷಾಕ್ ಅಬ್ಸಾರ್ಬರಿನ ಮೇಲ್ಗಡೆಯ ನಟ್ಟು ಬಿಗಿಯಾಗಿದೆಯೇ ಎಂದು ನೋಡಬೇಕು. ಟೈರು ಚಕ್ರದ ಕಮಾನಿಗೆ ಉಜ್ಜುತ್ತಿದೆಯೆಂಬ ಸಂಶಯವಿದ್ದರೆ ಕಮಾನಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು ಓಡಿಸಿ ಬನ್ನಿರಿ. ಸುಣ್ಣ ಅಳಿಸಿದ್ದರೆ ಉತ್ತರ ದೊರೆತಂತೆಯೇ.

ನಮ್ಮ ತರುಣ ಮಿತ್ರರ ಕಾರಿನಲ್ಲಿ ಸದ್ದು ಕೇಳಿಸುತ್ತಿದ್ದುದು ಉಬ್ಬನ್ನು ಏರುವಾಗಲಲ್ಲ, ದಾಟಿದ ಮೇಲೆ. ಒಬ್ಬರೇ ಇದ್ದಾಗಲೂ ಸರಿ, ನಾಲ್ವರು ಕುಳಿತಾಗಲೂ ಸರಿ, ಸದ್ದು ಬದಲಾಗುತ್ತಿರಲಿಲ್ಲ. ಅಲ್ಲಿಗೆ ರಬ್ಬರಿನ ಗಟ್ಟೆಯ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು. ಕಾರನ್ನು ಎತ್ತಿ, ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳನ್ನು ಜೋಲಬಿಟ್ಟು ನೋಡಿದರೆ, ಸ್ಪ್ರಿಂಗು ಬರಿಗೈಯಿಂದ ತಿರುಗಿಸಬಹುದಾದಷ್ಟು ಸಡಿಲವಾಗಿತ್ತು! ಹೊಸ ಷಾಕ್ ಅಬ್ಸಾರ್ಬರುಗಳ ಉದ್ದವೂ ಹಳೆಯವುಗಳಷ್ಟೇ ಇದ್ದುದರಿಂದ ಅವು ಗುಣ ಕೊಡುವಂತೆಯೇ ಇರಲಿಲ್ಲ. ಹಳೆಯ ಸ್ಪ್ರಿಂಗುಗಳನ್ನು ಮರಳಿ ಹಾಕಿದೊಡನೆ ಸದ್ದು ಅಡಗಿತು. ಈ ಪರೀಕ್ಷೆಗೆ ಹಿಡಿದ ಸಮಯ ಅರ್ಧ ಗಂಟೆ. ಅದಕ್ಕೂ ಮುಂಚೆ ವ್ಯರ್ಥವಾದದ್ದು ಎರಡು ವಾರದ ಅಲೆದಾಟ ಮತ್ತು ತರುಣರ ಒಂದು ತಿಂಗಳ ಸಂಪಾದನೆ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆಯೊಡ್ಡಬಾರದೆಂಬ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

‘ಹೊಟ್ಟೆಪಾಡಿನ ದುರಸ್ತಿಗಾರನಿಗೆ ಇಷ್ಟೆಲ್ಲ ವಿಚಾರ ಮಾಡಲು ವೇಳೆಯೆಲ್ಲಿದೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ವಿಚಾರಕ್ಕೆ ಹಣ ಕೊಡದೆ, ಹೊಸ ಭಾಗಕ್ಕೆ ಮಾತ್ರ ಹಣ ಕೊಡುವ ಗ್ರಾಹಕರೂ ಈ ತಪ್ಪಿನಲ್ಲಿ ಪಾಲುದಾರರೆಂದು ನಾವು ಒಪ್ಪುತ್ತೇವೆ. ಆದರೆ ಸದ್ದನ್ನು ಅಲಕ್ಷಿಸುವುದರಿಂದ ಹೋಗುವುದು ಹಣವೊಂದೇ ಅಲ್ಲ. ಕುಮಟೆಯಿಂದ ದೇವಿಮನೆ ಘಟ್ಟವನ್ನು ಹತ್ತಿ ಶಿರಸಿಗೆ ಹೋಗುವ ದಾರಿಯ ತಿರುವುಗಳನ್ನು ಮಳೆಗಾಲದಲ್ಲಿ ಕಂಡವರು ಬಲ್ಲರು: ಒದ್ದೆಯಾದ ತಿರುವಿನ ನಡುವೆ ಹಿಂಭಾಗವು ಗಟ್ಟೆಗೆ ಬಡಿದು ಚಕ್ರ ಒಂದು ಕ್ಷಣ ಹಿಡಿತ ತಪ್ಪಿದರೆ ಆಗುವ ಅನಾಹುತ ಎಂಥದು! ಪೀಠ ಬಿಟ್ಟು ಜರುಗಿದ ಸ್ಪ್ರಿಂಗಿನ ಅಪಾಯವೂ ಅದಕ್ಕಿಂತ ಕಡಿಮೆಯದಲ್ಲ. ಹಿಂಭಾಗವನ್ನಷ್ಟೇ ತಗ್ಗಿಸಿದರೆ ಮುಂದಿನ ದೀಪಗಳ ಬೆಳಕು ಮೇಲೆದ್ದು ಎದುರು ಬರುವವರ ಕಣ್ಣು ಕುಕ್ಕುತ್ತದೆ. ಆಗ ನಮ್ಮ ಷೋಕಿಗೆ ಬೆಲೆ ತೆರುವವರು ಇತರರು.

ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ವಿಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಆದರೆ ಕಾನೂನಿನ ಭಯದಿಂದ ಮಾತ್ರ ತರುಣರು ಹಿಂಜರಿಯಬೇಕೆಂಬುದು ನಮ್ಮ ಆಶಯವಲ್ಲ. ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ಬುಷ್‌ಗಳು ಒಂದಕ್ಕೊಂದು ಹೊಂದುವಂತೆ ರಚಿತವಾದುವು. ಒಂದನ್ನು ಮಾತ್ರ ಬದಲಿಸಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತಾಗುವುದು. ಈ ತಿಳಿವಳಿಕೆಯಿಂದ ಅವರು ಹಿಂಜರಿದರೆ ನಮಗೆ ಹೆಚ್ಚಿನ ಸಂತೋಷ.

ವಿಜ್ಞಾನವು ಪ್ರಯೋಗಶಾಲೆಯಲ್ಲಿ ಮಾತ್ರ ನೆಲಸಿದೆಯೆಂದು ಭಾವಿಸುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆಯಿದೆ. ಮನೆಯ ಬೈಸಿಕಲ್ಲೋ ನೀರೆತ್ತುವ ಪಂಪೋ ಹೊಸದಾಗಿ ಸದ್ದು ಮಾಡತೊಡಗಿದರೆ ಕೈಗೆ ಸ್ಪ್ಯಾನರು ಎತ್ತಿಕೊಳ್ಳುವ ಮುನ್ನ ಕಾಗದವೊಂದನ್ನು ಎತ್ತಿಕೊಳ್ಳಿರಿ. ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಅದು ತೊಡಗುವ ಮುನ್ನ ಏನು ಬದಲಾಯಿತು ಎಂಬ ಮೂರನ್ನು ಬರೆದುಕೊಳ್ಳಿರಿ. ಬಳಿಕ ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ನೋಡಿರಿ. ಗಾಡಿ ಹೊಡೆಯುವವನ ಕಿವಿ ನಿಮ್ಮದಾಗುವುದು ಹೀಗೆಯೇ.