ದೇವರು, ದೆವ್ವ ಇರೋ ಅನಿಮೆ ಬೇಕಾ?

ಈ ಥರದ ಅನಿಮೆ ಯಾವುದಿದೆ ಅಂತ ಜೂನಿಯರ್‌ಗಳು ಕೇಳಿದ್ರೆ ನಮ್ಮ ಹಾಸ್ಟೆಲಿನಲ್ಲಿ ಥಟ್ಟನೆ ಬರೋ ಹೆಸರು 'ಇವಾಂಜೆಲಿಯನ್'. 1995ರ ಆ ಸರಣಿ ನಮಗೂ ಇಷ್ಟವೇ. ಆದರೆ ಶಿಲುಬೆಗಳನ್ನು ನೋಡಿ ಅದನ್ನು ಧರ್ಮದ ಕಥೆ ಅಂದುಕೊಳ್ಳಬೇಡಿ. ನೋಡೋಕೆ ಚೆನ್ನಾಗಿರುತ್ತೆ ಅಂತ ಹಾಕಿದ್ದು ಅಂತ ಅದರ ಸಹಾಯಕ ನಿರ್ದೇಶಕ ಕಜುಯಾ ತ್ಸುರುಮಾಕಿಯವರೇ ಹೇಳಿದ್ದಾರೆ.

ನಾವು ಹೇಳೋದು 2008ರ 'ನತ್ಸುಮೆ ಯೂಜಿಂಚೊ'. ಮೊದಲ ಸೀಸನ್ನಿನ ಎರಡನೇ ಎಪಿಸೋಡ್ ಸಾಕು. (ಸ್ಪಾಯ್ಲರ್ ಇದೆ, ಕ್ಷಮಿಸಿ.) ಅದರಲ್ಲೊಬ್ಬ ಪುಟ್ಟ ಗುಡಿಯ ದೇವರು. ಅಸಲಿಗೆ ಅವನು ದೇವರೇ ಅಲ್ಲ, ಗುಡಿಯಲ್ಲಿ ಬಂದು ಸೇರಿಕೊಂಡ ಅಲೆಮಾರಿ. ಯಾರೋ ಮಳೆಗಾಗಿ ಬೇಡಿಕೊಂಡರು, ಮಳೆ ಬಂತು, ಜನ ನಂಬಿದರು. ಆಮೇಲೆ ಭಕ್ತರು ಕಮ್ಮಿಯಾದ ಹಾಗೆ ಕುಗ್ಗಿ ಕುಗ್ಗಿ ಅಂಗೈಯಷ್ಟಾಗಿದ್ದಾನೆ. ಕೈ ಮುಗಿಯೋಕೆ ಉಳಿದಿರೋದು ಹಾನಾ ಅನ್ನೋ ಅಜ್ಜಿ ಒಬ್ಬರೇ. ಅವರು ತೀರಿಕೊಂಡಾಗ ಅವನೂ ಮಾಯ. ಸಿಟ್ಟಿಲ್ಲ, ಶಾಪ ಇಲ್ಲ.

ದೇವರು ಇದ್ದಾನಾ ಇಲ್ವಾ ಅಂತ ರಾತ್ರಿ 2 ಗಂಟೆವರೆಗೆ ನಡೆಯೋ ನಮ್ಮ ವಾದಗಳಲ್ಲಿ, ನಾವು ನಂಬೋದು ಬಿಟ್ಟರೆ ಅವನ ಗತಿ ಏನು ಅನ್ನೋ ಪ್ರಶ್ನೆ ಬರೋದೇ ಇಲ್ಲ. ಮನೆಯಲ್ಲಿ ದೀಪ ಹಚ್ಚೋ ಕೆಲಸಾನ ಅಜ್ಜಿಯಂದಿರಿಗೇ ಬಿಟ್ಟು ಬಂದವರು ನಾವು.

ದೆವ್ವನೇ ಬೇಕು ಅನ್ನೋರಿಗೆ 2007ರ 'ಮೊನೊನೊಕೆ' (ಘಿಬ್ಲಿ ಸಿನಿಮಾ ಅಲ್ಲ), 12 ಎಪಿಸೋಡ್. ಅದರಲ್ಲಿ ಔಷಧಿ ಮಾರೋನ ಕತ್ತಿ ಒರೆಯಿಂದ ಹೊರಗೆ ಬರಬೇಕಾದರೆ ಆ ದೆವ್ವದ ರೂಪ, ನಡೆದ ಸತ್ಯ, ಅದರ ಹಿಂದಿನ ಕಾರಣ ಮೂರೂ ಗೊತ್ತಾಗಬೇಕು. ಹೊಡೆಯೋಕೆ ಮೊದಲು ಅದರ ದುಃಖ ಕೇಳಬೇಕು ಅಂತ. ಇಂಟರ್ನಲ್ಸ್ ಮುಗಿದ ಮೇಲೆ ನೋಡಿ, ಆ ಬಣ್ಣಗಳಿಗೇ ತಲೆ ತಿರುಗುತ್ತೆ.